ಹೂಳೆತ್ತುವ ತಿಂಗಳು

ಬೂದಿ ಬುಧವಾರ ಕಳೆದು ಮೂರನೆಯ ದಿನ
ಫಾದರ್ ನನ್ನ ಕೈಗೊಂದು ನೋಟುಬುಕ್ಕು ಕೊಟ್ಟರು.
‘ಇನ್ನಾಸಪ್ಪ, ಪಾಸ್ಕ ಹಬ್ಬದಿಂದಾಚೆ
ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ಒಯ್ಯುವುದು ನೀವು.
ಅಷ್ಟರಲ್ಲಿ ಇದನ್ನು ತುಂಬಿ, ತಯಾರಾಗಿ.’

ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು ನಾನು.
ತಯಾರಿ ಅಂದರೆ ನನಗೆ ಗೊತ್ತಿರುವುದು ಒಂದೇ:
ಕನ್ನಂಬಾಡಿಯಿಂದ ನೀರು ಬಿಡುವ ಮುಂಚೆ
ನಾಲೆಗೆ ಇಳಿಯುವುದು. ಮಂಡಿಯುದ್ದ ಹೂಳು,
ಅದರೊಳಗೆ ಹರಿದ ಚಪ್ಪಲಿ, ಬಾಟಲಿ ಚೂರು,
ಯಾರದೋ ಮದುವೆ ಚಪ್ಪರದ ಬಾಳೆಕಂದು,
ಒಮ್ಮೆ ಒಂದು ಇಡೀ ಸೈಕಲ್ಲು.
ಎತ್ತಿ ಏರಿಗೆ ಎಸೆಯುವುದು. ಅಷ್ಟೇ.
ನೀರು ನಾವು ಮಾಡಿದ್ದಲ್ಲ,
ಅದು ಬರುವ ದಾರಿಯಷ್ಟೇ ನಮ್ಮ ಕೂಲಿ.

ಭಾನುವಾರ ಪೂಜೆ ಮುಗಿದ ಮೇಲೆ ಹುಣಸೆಮರದ ಕೆಳಗೆ
ನಾವು ಏಳು ಜನ. ಟೀಚರ್ ಸಹಾಯಮೇರಿ
ಎರಡೇ ದಿನದಲ್ಲಿ ನೋಟುಬುಕ್ಕು ತುಂಬಿಸಿ
ಮಾರ್ಜಿನ್ನಿಗೆ ಕೆಂಪು ಗೆರೆಯನ್ನೂ ಎಳೆದಿದ್ದರು.
ಚೌರಪ್ಪನ ಮಗ, ಮಂಡ್ಯದ ಶುಗರ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ,
ಜಪಕ್ಕೆ ಕೂತರೆ ನಿದ್ದೆ ಬರುತ್ತೆ ಅಂದ.
‘ಬರ್ಲಿ ಬುಡು, ಸ್ವಾಮಿ ಎದುರಿಗೇ ತಾನೆ ತೂಕಡ್ಸೋದು’
ಅಂದಳು ರಾಯಪ್ಪನ ಹೆಂಡತಿ. ಫಾದರೂ ನಕ್ಕರು.
ನಾನು ನಗಲಿಲ್ಲ.
ನನ್ನ ಪೆನ್ನು ನಾಲ್ಕನೇ ಪ್ರಶ್ನೆಯಲ್ಲಿ ನಿಂತಿತ್ತು:
ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀರಾ?
ಕೆಳಗೆ ಎರಡು ಗೆರೆ ಜಾಗ.
ಹನ್ನೊಂದು ವರ್ಷಕ್ಕೆ ಎರಡು ಗೆರೆ.

ಆ ವರ್ಷ ಕಟ್ಟು ನೀರು. ಮಂಗಳವಾರ ರಾತ್ರಿ
ಹತ್ತರಿಂದ ನಾಲ್ಕು ಜೋಜಪ್ಪನ ಸರದಿ.
ನನ್ನ ಭಾಮೈದ ಒಂದು ಮಾತೂ ಆಡದೆ
ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.
ಬೀಗದ ಕೈ ನನ್ನ ಉಡಿದಾರದಲ್ಲಿತ್ತು.
ತೂಬು ತಿರುಗಿಸಲು ಎಷ್ಟು ಹೊತ್ತು? ಒಂದು ಬೀಡಿಯಷ್ಟು.
ಬೆಳಿಗ್ಗೆ ಜೋಜಪ್ಪ ಗದ್ದೆಯ ಬದುವಿನ ಮೇಲೆ
ಟಾರ್ಚು ಆರಿಸುವುದನ್ನೂ ಮರೆತು ಕೂತಿದ್ದ.
‘ಮೇಲಿಂದ್ಲೇ ಬರ್ಲಿಲ್ಲ’ ಅಂದೆ.
ಆಮೇಲೆ ಚರ್ಚಿನಲ್ಲಿ ನಾನು ಮುಂದಿನ ಸಾಲು,
ಅವನು ಬಾಗಿಲ ಬಳಿಯ ಕಂಬ.
ಶಾಂತಿ ಹಂಚಿಕೊಳ್ಳುವ ಹೊತ್ತಿಗೆ
ನನ್ನ ಕೈ ಯಾವಾಗಲೂ ಬೇರೆ ದಿಕ್ಕಿಗೆ ಮುಗಿಯುತ್ತಿತ್ತು.

ಫಾದರ್ ಕೊಟ್ಟ ಪಟ್ಟಿಯಲ್ಲಿ ಮೊದಲ ಹೆಸರು ಲೂರ್ದಮ್ಮ.
ಜೋಜಪ್ಪನ ಹೆಂಡತಿ. ಸೊಂಟ ಮುರಿದು ಎರಡು ವರ್ಷ.

ಪಾಪನಿವೇದನೆಯಲ್ಲಿ ಹೇಳಿದೆ. ಜಾಲರಿಯಾಚೆ
ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದೇ ಮಾತು:
‘ಜೋಜಪ್ಪನಿಗೆ ಹೇಳಿದಿರಾ?’

ಶುಕ್ರವಾರ, ಶಿಲುಬೆಹಾದಿ ಮುಗಿದ ಮೇಲೆ,
ಪುಸ್ತಕವಿಲ್ಲ, ಜಪಸರವಿಲ್ಲ, ಖಾಲಿ ಕೈಯಲ್ಲಿ ಹೋದೆ.
ದಾರಿಯುದ್ದ ಜೋಡಿಸಿಕೊಂಡ ಮಾತೆಲ್ಲ
ಹೊಸ್ತಿಲಲ್ಲಿ ಬತ್ತಿ, ಉಳಿದದ್ದು ಇಷ್ಟು:
‘ಅವತ್ತು ತೂಬು ತಿರುಗ್ಸಿದ್ದು ನಾನೇ.’
ಅವನು ಮುಖ ಎತ್ತಲಿಲ್ಲ.
ಲೂರ್ದಮ್ಮನ ದುಪ್ಪಟಿ ಒದ್ದೆಯಾಗಿತ್ತು,
ಒಬ್ಬನ ಕೈಲಿ ಅವಳನ್ನು ಹೊರಳಿಸಲಾಗದೆ ಏದುಸಿರು.
‘ಆ ಕಡೆ ಹಿಡ್ಕೊ’ ಅಂದ.
ಹನ್ನೊಂದು ವರ್ಷದಲ್ಲಿ ಮೊದಲ ಮಾತು.
ಹಿಡಿದುಕೊಂಡೆ.
‘ಮೆತ್ತಗೆ ಕಣ್ಲಾ, ತೂಬು ತಿರುಗುಸ್ದಂಗಲ್ಲ.’
ಲೂರ್ದಮ್ಮ ನಕ್ಕಳೋ ನರಳಿದಳೋ ತಿಳಿಯಲಿಲ್ಲ.

ಕ್ಷಮಿಸಿದನೋ ಇಲ್ಲವೋ, ಕೇಳಲು ಬಾಯಿ ಬರಲಿಲ್ಲ.
ಮಾರನೆ ದಿನವೂ ಹೋದೆ. ಅದರ ಮಾರನೆ ದಿನವೂ.
ದುಪ್ಪಟಿ ಒಗೆಯುವುದು ಅದೇ ತೂಬಿನ ಕಲ್ಲಿನ ಮೇಲೆ,
ಒಂದು ಗೇಣು ನಿಂತ ನೀರಿದೆ, ಸಾಕು.

ನೋಟುಬುಕ್ಕು ಇನ್ನೂ ಅರ್ಧ ಖಾಲಿ.
ನಾಲ್ಕನೇ ಪ್ರಶ್ನೆಯ ಕೆಳಗೆ ಬರೆದಿದ್ದೇನೆ:
ಮಂಗಳವಾರ, ಹತ್ತರಿಂದ ನಾಲ್ಕು, ಜೋಜಪ್ಪನದು.
ಕೊನೆಯ ಪುಟದಲ್ಲಿ, ಸೇವೆಗೆ ಸಿದ್ಧರಿದ್ದೀರಾ ಎಂದಿದೆ.
ಅದನ್ನು ಹಾಗೇ ಬಿಟ್ಟಿದ್ದೇನೆ.
ಗರಿಗಳ ಭಾನುವಾರಕ್ಕೆ ಇನ್ನೂ ಎರಡು ವಾರ.
ಗುದ್ದಲಿ ಬಾಗಿಲ ಹಿಂದೆಯೇ ಇದೆ.